ನಿಂಬೆವ್ವ ತೋರಿಸಿದ ದಿಕ್ಕು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸಾಕ್ಷಿ ನಿಂಬೆವ್ವ ಬಡಿಗೇರ ತನ್ನ ಹೇಳಿಕೆ ಬದಲಿಸಿದಳು.

ಹುಬ್ಬಳ್ಳಿಯ ದೂರಸಾಕ್ಷಿ ಕೇಂದ್ರದ ವಿಚಾರಣಾ ಕೋಣೆಯಲ್ಲಿ ಆಗ ಐದು ಜನರಿದ್ದರು: ಅಧಿಕರಣದ ಅಧ್ಯಕ್ಷೆ, ಇಬ್ಬರು ವಕೀಲರು, ಸನ್ನೆ ಅನುವಾದಕ ದೇವೇಂದ್ರ ಪತ್ತಾರ ಮತ್ತು ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳುವ ಎಂಜಿನಿಯರ್ ಫರ್ಜಾನಾ ಬಾಗವಾನ. ನಿಂಬೆವ್ವ ಇದ್ದದ್ದು ಘಟಪ್ರಭೆಯ ದಂಡೆಯ ನೇಕಾರರ ಊರು ಹೊಸಬನಹಟ್ಟಿಯಲ್ಲಿ, ತನ್ನ ಮನೆಯ ಬಿಳಿ ಗೋಡೆಗೆ ಬೆನ್ನು ಕೊಟ್ಟು, ಒಂದು ಫೋನಿನ ಎದುರು. ಅವಳು ಹುಟ್ಟು ಕಿವುಡಿ. ಮಾತೂ ಇಲ್ಲ, ಅಕ್ಷರವೂ ಇಲ್ಲ. ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ.

ಪ್ರಕರಣ ಆ ಶೆಡ್ಡಿನದೇ. ಮಗ್ಗ ರಿಪೇರಿ ಮಾಡುವ ಜಾಬರ್ ಚನ್ನಪ್ಪ ಮುಖ್ಯ ಸ್ವಿಚ್ಚು ಆರಿಸಿ ಮಗ್ಗವೊಂದರ ಅಡಿ ತೂರಿಕೊಂಡಿದ್ದಾಗ ಯಾರೋ ಸ್ವಿಚ್ಚು ಹಾಕಿದರು. ತಿರುಗಿದ ಶಾಫ್ಟಿಗೆ ಸಿಕ್ಕಿ ಚನ್ನಪ್ಪ ಸತ್ತ. ಸ್ವಿಚ್ಚಿನ ಹಲಗೆಗೆ ಎದುರಾಗಿ ಕೂತಿದ್ದವಳು ನಿಂಬೆವ್ವ ಒಬ್ಬಳೇ. ಸತ್ತವನು ಅವಳ ಸ್ವಂತ ತಮ್ಮ.

ಮಗ್ಗ ಓಡುವಾಗ ಶೆಡ್ಡಿನೊಳಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿ ಎಲ್ಲರೂ ಕೈಯಿಂದಲೇ ಮಾತಾಡುತ್ತಾರೆ. ಆ ಕೈಮಾತಿನಲ್ಲಿ ಮನುಷ್ಯರ ಹೆಸರಿಗೆ ಬೇರೆ ಗುರುತಿಲ್ಲ. ತಾನು ಕೂತ ಜಾಗದಿಂದ ಯಾರ ಮಗ್ಗ ಯಾವ ಕಡೆಗಿದೆಯೋ ಆ ಕಡೆಗೆ ತೋಳು ಚಾಚಿ, ಲಾಳಿ ಚಿಮ್ಮಿದ ಹಾಗೆ ಮಣಿಕಟ್ಟು ಒಮ್ಮೆ ಕೊಡವಿದರೆ ಅದೇ ಆ ಮನುಷ್ಯ. ನಿಂಬೆವ್ವನ ಎಡಕ್ಕಿದ್ದ ಮಗ್ಗ ರಾಚಪ್ಪ ಹೂಗಾರನದು. ಬಲಕ್ಕಿದ್ದದ್ದು ಮುದಕಪ್ಪ ವಾಲೀಕಾರನದು.

ನಾಲ್ಕು ತಿಂಗಳ ಹಿಂದೆ, ಮೊದಲ ಹೇಳಿಕೆಯಲ್ಲಿ, ನಿಂಬೆವ್ವ ಎಡಕ್ಕೆ ತೋರಿಸಿದ್ದಳೆಂದು ದಾಖಲಾಗಿತ್ತು. ರಾಚಪ್ಪ ಜೈಲಿಗೆ ಹೋದ. ಈ ದಿನ ಬೆಳಿಗ್ಗೆಯೂ ದೇವೇಂದ್ರ ಎಡ ಎಂದೇ ಅನುವಾದಿಸಿದ. ಆಮೇಲೆ ಅವಳು ನೀರು ಕುಡಿಯಲು ಬಗ್ಗಿದಾಗ ಚಿತ್ರ ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ನಿಂತು ಮತ್ತೆ ಬಂತು. ರಾಚಪ್ಪನ ವಕೀಲ, “ಮತ್ತೊಮ್ಮೆ ಕೇಳಿ. ಸ್ವಿಚ್ಚು ಹಾಕಿದವರು ಯಾರು?” ಎಂದ. ದೇವೇಂದ್ರ ಕೈಯಲ್ಲಿ ಕೇಳಿದ. ನಿಂಬೆವ್ವ ತೋಳು ಚಾಚಿದಳು.

ದೇವೇಂದ್ರ ತುಸು ತಡೆದು, “ಬಲಗಡೆ ಮಗ್ಗದವ” ಎಂದ.

“ಏನಂದ್ರಿ?” ಎಂದ ವಕೀಲ.

“ಬಲಗಡೆ ಮಗ್ಗದವ ಅಂತಾಳ್ರಿ. ಮುದಕಪ್ಪ.”

ಸರ್ಕಾರಿ ವಕೀಲ ಕುರ್ಚಿಯಿಂದ ಎದ್ದ. “ಮೇಡಂ, ಪರದೆ ಆಚೆ ಯಾರೋ ಕೂತಾರ. ನೀರು ಕುಡೀಲಿಕ್ಕೆ ಕೊಟ್ಟವರು ಯಾರು ಅಂತ ಕೇಳ್ರಿ!”

ಅಧ್ಯಕ್ಷೆ ಎಂಟು ದಿನ ಸಮಯ ಕೊಟ್ಟರು. ಅಷ್ಟರಲ್ಲಿ ಈ ಬದಲಾವಣೆಗೆ ಕಾರಣ ತಿಳಿಯದಿದ್ದರೆ ನಿಂಬೆವ್ವನ ಮೇಲೆ ಸುಳ್ಳು ಸಾಕ್ಷಿಯ ಮೊಕದ್ದಮೆ. ಕಾಯ್ದೆಯ ಪ್ರಕಾರ ಅದಕ್ಕೆ ಎರಡು ವರ್ಷ ಜೈಲು. ಮೇಲಾಗಿ, ಆ ಸಾಕ್ಷಿ ಹಿಂದೆ ಹೇಳಿದ್ದೆಲ್ಲವೂ ರದ್ದು.

ದೂರಸಾಕ್ಷಿ ಕಾಯ್ದೆ ಬಂದು ಮೂರು ವರ್ಷವಾಗಿತ್ತು. ಉದ್ದೇಶ ಒಳ್ಳೆಯದೇ. ಸಾಕ್ಷಿ ಕೋರ್ಟಿನ ಮೆಟ್ಟಿಲಲ್ಲಿ ಎದುರಾಳಿಯ ಕಣ್ಣಿಗೆ ಬೀಳಬಾರದು, ಒಂದು ದಿನದ ಕೂಲಿ ಕಳೆದುಕೊಳ್ಳಬಾರದು. ಮನೆಯಲ್ಲಿ ಕೂತೇ ಫೋನಿನ ಮುಂದೆ ಹೇಳಬೇಕು. ಆದರೆ ಮನೆ ಕಾಣಬಾರದು. ಗೋಡೆಯ ಮೇಲಿನ ದೇವರ ಪಟ ನೋಡಿ ಜಾತಿ ಎಣಿಸುವುದು, ಮೂಲೆಯ ಪಾತ್ರೆ ನೋಡಿ ಬಡತನ ಅಳೆಯುವುದು ನಡೆಯಬಾರದು. ಹಾಗಾಗಿ ‘ಸಾಕ್ಷಿಕಿಂಡಿ’ ಎಂಬ ಆ್ಯಪ್ ಬಂತು. ಅದು ಫೋನಿನೊಳಗೇ ಮುಖ ಮತ್ತು ಕೈಗಳಿರುವ ಭಾಗವನ್ನಷ್ಟೇ ಕತ್ತರಿಸಿ, ಅಳತೆಗೆ ಕುಗ್ಗಿಸಿ ಕೇಂದ್ರಕ್ಕೆ ಕಳಿಸುತ್ತದೆ. ಕಿಂಡಿಯ ಹೊರಗೆ ಇರುವುದು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಅಕ್ಕಪಕ್ಕದವರನ್ನು ಕೇಳುವ ಹಾಗಿಲ್ಲ. ಫೋಟೊ ತೋರಿಸಿ ‘ಇವನೇ?’ ಎನ್ನುವ ಹಾಗೂ ಇಲ್ಲ, ಅದು ಹೇಳಿಕೊಟ್ಟಂತೆ.

ಜನ ಬೇಗ ಹೊಂದಿಕೊಂಡರು. ಊರೂರಲ್ಲಿ ಮನೆಗೊಂದು ಗೋಡೆಗೆ ಸುಣ್ಣ ಬಳಿದು ‘ಸಾಕ್ಷಿಗೋಡೆ’ ಎಂದು ಕರೆದರು. ಆ ಗೋಡೆಯ ಪಕ್ಕದಲ್ಲೇ, ಕಿಂಡಿಗೆ ಸಿಗದ ಗೇಣಿನಷ್ಟು ಜಾಗದಲ್ಲಿ, ಮಾವನೋ ಪಂಚಾಯಿತಿ ಸದಸ್ಯನೋ ಕೂರಲು ಕಲಿತರು. ಕಾಲು ತುಳಿದು ಹೌದು, ಚಿವುಟಿ ಇಲ್ಲ. ನಂಬಿಕೆಗೆ ಅರ್ಹನಲ್ಲದವನನ್ನು ‘ಕಿಂಡಿಯಾಚೆಯವ’ ಎನ್ನುವ ಬೈಗುಳವೂ ಹುಟ್ಟಿತು. ಹೀಗಾಗಿ ಕೇಂದ್ರದಲ್ಲಿ ಯಾರಿಗೂ ಪರದೆಯ ಮೇಲೆ ಕಂಡದ್ದರ ಬಗ್ಗೆ ಅನುಮಾನವಿರಲಿಲ್ಲ. ಅನುಮಾನವೆಲ್ಲ ಕಾಣದ್ದರ ಮೇಲೆ.

ಕೇಂದ್ರದ ಮುಖ್ಯಸ್ಥ ವಾಸುದೇವ ನಾಡಿಗೇರ ಅವತ್ತೇ ಫರ್ಜಾನಾಳನ್ನು ಕರೆದರು.

“ಊರಿಗೆ ಹೋಗ್ರಿ. ಕಿಂಡಿ ಆಚೆ ಯಾರು ಕೂತಿದ್ರು ಅನ್ನೋದು ಬೇಕು. ಅಷ್ಟ.”

“ಅನುವಾದಕರನ್ನೂ ನೋಡಬೇಕಾಗ್ತದ ಸರ್. ಪತ್ತಾರ ಅವರ ಊರು ಹೊಸಬನಹಟ್ಟಿಯಿಂದ ದೂರ ಇಲ್ಲ. ಅವರ ಅಪ್ಪನೂ ಮಗ್ಗದವರ.”

ನಾಡಿಗೇರರು ಕನ್ನಡಕ ತೆಗೆದು ಒರೆಸಿದರು. “ಅದನ್ನೂ ನೋಡ್ರಿ. ಅವರಿಗೆ ಗೊತ್ತಾಗಬಾರದು.”

ಹೊಸಬನಹಟ್ಟಿಯ ಓಣಿಗೆ ಕಾಲಿಟ್ಟಾಗ ಮೊದಲು ಕೇಳಿಸಿದ್ದು ಮಗ್ಗ. ಮನೆಯ ಗೋಡೆ ಮುಟ್ಟಿದರೂ ಬೆರಳಿಗೆ ಅದರ ಅದುರು ಹತ್ತುತ್ತಿತ್ತು. ನಿಂಬೆವ್ವನ ಮನೆ ಯಾವುದು ಎಂದು ಫರ್ಜಾನಾ ಕೇಳಿದ್ದಕ್ಕೆ, ಕಟ್ಟೆಯ ಮೇಲೆ ಅಡಿಕೆ ಕುಟ್ಟುತ್ತಿದ್ದ ಮುದುಕಿ ಕೈ ನಿಲ್ಲಿಸದೆ ಹೇಳಿದಳು:

“ಆ ಮೂಕಿದೇನ? ಮೂರನೇ ಬಾಗಲಾ. ತಮ್ಮನ ಚಿತಿ ಮ್ಯಾಲೆ ರೊಟ್ಟಿ ಸುಟ್ಕೊಂಡಾಕಿ.”

ಬಾಗಿಲು ತೆರೆದವಳು ಕಾಶವ್ವ, ಸತ್ತ ಚನ್ನಪ್ಪನ ಹೆಂಡತಿ. ಒಳಗೆ ಒಲೆಯ ಮುಂದೆ ಇನ್ನೊಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಫರ್ಜಾನಾ ಹೆಸರು ಕೇಳಿದಳು.

“ಶಾಂತವ್ವ ರೀ. ರಾಚಪ್ಪನ ಹೇಣ್ತಿ.”

ಆರೋಪಿಯ ಹೆಂಡತಿ ಸಾಕ್ಷಿಯ ಒಲೆಯ ಮುಂದೆ. ಫರ್ಜಾನಾ ಹುಡುಕಿ ಬಂದದ್ದು ಇದನ್ನೇ. ಇಷ್ಟು ಸುಲಭವಾಗಿ ಸಿಕ್ಕಿದ್ದು ಮಾತ್ರ ಅವಳಿಗೆ ಹಿಡಿಸಲಿಲ್ಲ.

“ವಿಚಾರಣೆ ದಿನ ನೀವು ಇಲ್ಲೇ ಇದ್ರೇನು?”

“ಇದ್ದೆ. ನೀರಿನ ತಂಬಿಗಿ ಕೊಟ್ಟಾಕಿ ನಾನ. ಮುಚ್ಚಿಡೂದು ಏನೈತಿ?”

“ನಿಮ್ಮ ಗಂಡನ್ನ ಜೈಲಿಗೆ ಹಾಕಿಸಿದವರ ಮನಿಗೆ ಬಂದು ರೊಟ್ಟಿ ಮಾಡ್ತೀರಿ?”

ಕಾಶವ್ವನೇ ನಡುವೆ ಬಂದಳು. “ನಿಂಬಕ್ಕ ಹಾಕಸಿಲ್ಲರಿ. ಅಕಿ ಮೊದಲಿಂದ ಬಲಗೈನ ತೋರಸ್ತಾಳ. ಓಣಿ ತುಂಬ ತೋರಸ್ಯಾಳ. ರಾಚಪ್ಪನ್ನ ಹಿಡಕೊಂಡು ಹ್ವಾದ ದಿನ ಪೊಲೀಸರ ಜೀಪಿಗೆ ಅಡ್ಡ ನಿಂತು ತೋರಸಿದಳು. ಯಾರು ಕೇಳ್ತಾರ? ಕಿಂಡ್ಯಾಗ ಎಡಾ ಅಂದಾಳ, ಅದ ಖರೇ ಅಂತ ಬರಕೊಂಡಾರ.”

ಕಲಿಸಿಕೊಟ್ಟ ಮಾತೂ ಹೀಗೆ ಚೊಕ್ಕವಾಗಿರುತ್ತದೆ ಎಂದುಕೊಂಡಳು ಫರ್ಜಾನಾ.

ನಿಂಬೆವ್ವ ಮೂಲೆಯಲ್ಲಿ ಕೂತು ಇವರ ತುಟಿಗಳನ್ನು ನೋಡುತ್ತಿದ್ದಳು. ನಲವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು. ತಲೆಯ ಮೇಲಿನ ಸೆರಗು ಎರಡೂ ಹೆಗಲನ್ನು ಮುಚ್ಚಿತ್ತು. ಬಂದವಳು ಕೇಂದ್ರದವಳು ಎಂದು ಕಾಶವ್ವ ಕೈಯಲ್ಲಿ ಹೇಳಿದ ಕೂಡಲೇ ಎದ್ದು ಬಂದು, ಫರ್ಜಾನಾಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬಲತೋಳು ಚಾಚಿ ಮಣಿಕಟ್ಟು ಕೊಡವಿದಳು. ಮತ್ತೊಮ್ಮೆ ಕೊಡವಿದಳು. ನಂತರ ತನ್ನ ಎದೆಗೆ ಬೆರಳಿಟ್ಟು, ನಾಲಿಗೆ ಮುಟ್ಟಿಕೊಂಡು, ಅಂಗೈಯನ್ನು ಗಾಳಿಯಲ್ಲಿ ಒರೆಸಿ ಹಾಕಿದಳು.

“ಏನಂದ್ರು?”

“ನನ್ನ ಮಾತು ಅಳಿಸಿ ಹಾಕ್ಯಾರ ಅಂತಾಳ,” ಎಂದಳು ಕಾಶವ್ವ.

ಫರ್ಜಾನಾ ಒಂದು ಉಪಾಯ ಮಾಡಿಕೊಂಡೇ ಬಂದಿದ್ದಳು. ತನ್ನ ಫೋನಿನಿಂದ ಹುಬ್ಬಳ್ಳಿಯ ದೇವೇಂದ್ರನಿಗೆ ಕರೆ ಮಾಡಿ, ಧ್ವನಿ ಮತ್ತು ಚಿತ್ರದ ಸಣ್ಣ ತಪಾಸಣೆ ಇದೆ, ಪರದೆಯಲ್ಲಿ ಕಂಡ ಸನ್ನೆಗಳನ್ನು ಸುಮ್ಮನೆ ಓದಿ ಹೇಳಿದರೆ ಸಾಕು ಎಂದಳು. ಬಾಗಿಲ ಹತ್ತಿರದ ಬೆಳಕಿನಲ್ಲಿ, ಒಲೆಯಿಂದ ಮಾರುದೂರಕ್ಕೆ, ನಿಂಬೆವ್ವನ ಫೋನನ್ನು ಡಬ್ಬಿಗೆ ಒರಗಿಸಿ ಕಿಂಡಿ ತೆರೆದಳು. ತಾನು ನಿಂಬೆವ್ವನ ಪಕ್ಕದಲ್ಲೇ, ಕಿಂಡಿಯ ಹೊರಗೆ, ನಿಂತಳು. ಶಾಂತವ್ವನನ್ನೂ ಕಾಶವ್ವನನ್ನೂ ಹಿತ್ತಲಿಗೆ ಕಳಿಸಿದಳು.

ನಿಂಬೆವ್ವ ಬಲತೋಳು ಚಾಚಿದಳು.

“ಎಡಗಡೆ ಮಗ್ಗದವ,” ಎಂದ ದೇವೇಂದ್ರ.

ಫರ್ಜಾನಾ ಏನೂ ಹೇಳದೆ ಬೆರಳೆತ್ತಿ ಇನ್ನೊಮ್ಮೆ ಎಂದು ನಿಂಬೆವ್ವನಿಗೆ ತೋರಿಸಿದಳು. ಮತ್ತೆ ಬಲತೋಳು.

“ಎಡಗಡೆ ಮಗ್ಗದವ. ಎಷ್ಟು ಸಲ ರೀ?”

“ಪತ್ತಾರ ಅವರ, ನಾ ಅವರ ಬಾಜೂಕ ನಿಂತೀನಿ. ಅವರು ತೋರಿಸಿದ್ದು ಬಲಗೈ.”

“ಅಂದ್ರ ಇದು ತಪಾಸಣೆ ಅಲ್ಲ. ನನ್ನ ಪರೀಕ್ಷಾ.”

“ಹೌದು. ಯಾರು ಹೇಳಿಕೊಟ್ರು ನಿಮಗ?”

“ಬಾಯಿ ಹಿಡದು ಮಾತಾಡ್ರಿ! ನಾ ಕಂಡದ್ದನ್ನ ಹೇಳೀನಿ. ಎದುರಿಗೆ ಕೂತವರ ಬಲಗೈ ನಮಗ ಎಡಕ್ಕ ಕಾಣಸ್ತದ ಅನ್ನೋದು ತಿಳೀದಷ್ಟು ದಡ್ಡ ಅಂತ ಮಾಡೀರೇನು? ಇದು ನನ್ನ ಬಲಕ್ಕ ಕಾಣಸಾಕತ್ತೈತಿ. ಅಂದ್ರ ಅವರ ಎಡಗೈ. ಹನ್ನೆರಡು ವರ್ಷ ಇದ ಕೆಲಸ ಮಾಡೀನಿ ನಾನು.”

“ನನ್ನ ಕಣ್ಣು ಸುಳ್ಳೇನು?”

“ನಿಮ್ಮ ಕಣ್ಣು ನಿಮಗ, ನನ್ನ ಕಣ್ಣು ನನಗ.”

ಜಗಳ ಬೆಳೆಯಿತು. ಸದ್ದು ಕೇಳಿ ಹೆಂಗಸರಿಬ್ಬರೂ ಹಿತ್ತಲಿಂದ ಬಂದು ನಿಂತರು. ಬಾಗಿಲ ಬಿಸಿಲು ಜರುಗಿ ಡಬ್ಬಿಯ ಮೇಲೆ, ಫೋನಿನ ಮೇಲೆ ಬಿದ್ದಿತ್ತು. ಫರ್ಜಾನಾ ಸಿಟ್ಟಿನಲ್ಲೇ ಮೂರನೇ ಸಲ ಬೆರಳೆತ್ತಿದಳು. ನಿಂಬೆವ್ವ, ಇಷ್ಟು ಹೊತ್ತಿಗೆ ತಾಳ್ಮೆ ಮೀರಿ, ಅದೇ ಬಲತೋಳನ್ನು ಬೀಸಿ ಚಾಚಿದಳು.

“ಬಲಗಡೆ,” ಎಂದ ದೇವೇಂದ್ರ.

“ಈಗ್ಯಾಕ ಖರೇ ಹೇಳಿದ್ರಿ?”

“ನಾ ಆಗೂ ಖರೇನ ಹೇಳೀನಿ. ಅವರು ಈಗ ಕೈ ಬದಲಿಸ್ಯಾರ.”

ಬದಲಿಸಿರಲಿಲ್ಲ. ಫರ್ಜಾನಾ ಬಗ್ಗಿ ಫೋನು ನೋಡಿದಳು. ಅಷ್ಟು ಹೊತ್ತು ನಿಂಬೆವ್ವನ ಮುಖ ತೋರಿಸುತ್ತಿದ್ದ ಪರದೆ ಕಪ್ಪಾಗಿತ್ತು. ಮೂಲೆಯಲ್ಲಿ ಪ್ರಶ್ನೆ ಕೇಳುವ ದೇವೇಂದ್ರನ ಪುಟ್ಟ ಚೌಕ ಮಾತ್ರ ಉಳಿದಿತ್ತು. ಹಿಂಬದಿ ಮುಟ್ಟಿದರೆ ಸುಡುತ್ತಿತ್ತು.

ಅವಳು ಫೋನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಹರವಿಯ ಪಕ್ಕದಲ್ಲಿಟ್ಟಳು. ಆರಿದ ಮೇಲೆ ನೆರಳಲ್ಲಿ ನಿಲ್ಲಿಸಿದಳು. ಪರದೆಯಲ್ಲಿ ಮುಖ ಮರಳಿತು. ಬಲತೋಳು. “ಎಡ,” ಎಂದ ದೇವೇಂದ್ರ. ಆಮೇಲೆ ಅವಳು ಫೋನನ್ನು ಒಲೆಯ ಪಕ್ಕ, ಇಳಿಸಿಟ್ಟ ಹಂಚಿನ ಹತ್ತಿರಕ್ಕೆ ಒಯ್ದು ಹಿಡಿದಳು.

“ಅಯ್ಯ ಯವ್ವಾ, ಫೋನ ಬೇಯಿಸಿಕೊಂಡು ತಿಂತೀಯೇನ? ರೊಟ್ಟಿ ಆಗ್ಯಾವ, ತಡಿ,” ಎಂದಳು ಶಾಂತವ್ವ.

ಪರದೆ ಕಪ್ಪಾಯಿತು. ಬಲತೋಳು. “ಬಲ,” ಎಂದ ದೇವೇಂದ್ರ. ಅವನ ದನಿಯಲ್ಲಿ ಸಿಟ್ಟು ಇಳಿದಿತ್ತು. “ಮೇಡಂ, ಅಲ್ಲಿ ಏನು ಮಾಡಾಕತ್ತೀರಿ ನೀವು?”

ಅವಳು ಆಗಲೇ ವಿಚಾರಣೆಯ ದಿನದ ಫೋನಿನ ತಾಪದ ದಾಖಲೆ ತೆಗೆದು ನೋಡುತ್ತಿದ್ದಳು. ಫೋನು ಬಿಸಿಯಾಗಿ ಬೇರೆ ದಾರಿ ಹಿಡಿದದ್ದು ಹನ್ನೊಂದು ಹದಿನೇಳಕ್ಕೆ, ಹೇಳಿಕೆ ‘ಬದಲಾಗುವ’ ಮೂರು ನಿಮಿಷ ಮೊದಲು. ಸಾಕ್ಷಿ ನೀರು ಕುಡಿಯುತ್ತಿದ್ದ ಹೊತ್ತು.

ವಿಷಯ ಇಷ್ಟು. ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಚಿತ್ರ ಕೊಡುತ್ತದೆ. ಒಂದನ್ನು ಕತ್ತರಿಸಿ ಕುಗ್ಗಿಸುವಷ್ಟರಲ್ಲಿ ಮುಂದಿನದು ಬಂದು ನಿಂತಿರುತ್ತದೆ. ಅಗ್ಗದ ಫೋನುಗಳಿಗೆ ಇದು ಭಾರ. ಮುಂಬದಿ ಕ್ಯಾಮೆರಾದ ಚಿತ್ರವನ್ನು ಕೂತವರಿಗೆ ಕನ್ನಡಿಯ ಹಾಗೆ ತಿರುಗಿಸಿ ತೋರಿಸುವುದು ರೂಢಿ. ನೇರವಾಗಿ ತೋರಿಸಿದರೆ ಜನ ತಬ್ಬಿಬ್ಬಾಗುತ್ತಾರೆ. ಅಂದರೆ ಪರದೆಗೊಂದು ತಿರುಗಿಸಿದ ಚಿತ್ರ, ಕೇಂದ್ರಕ್ಕೊಂದು ನೇರ ಚಿತ್ರ, ಹೀಗೆ ಎರಡು ಬೇಕು. ಸಾಕ್ಷಿಕಿಂಡಿ ಬರೆದವರು ಒಂದೇ ಮಾಡಿದರು. ಪರದೆಗೆಂದು ಕತ್ತರಿಸಿ, ಕುಗ್ಗಿಸಿ, ತಿರುಗಿಸಿದ ಚಿತ್ರವನ್ನೇ ಕೇಂದ್ರಕ್ಕೂ ಕಳಿಸಿದರು. ಕೆಲಸ ಅರ್ಧವಾಯಿತು.

ಫೋನು ತೀರಾ ಬಿಸಿಯಾದರೆ ಮಾತ್ರ ಬೇರೆ ದಾರಿ. ಆಗ ಆ್ಯಪ್ ಅನುವಾದಕನ ಪುಟ್ಟ ಚೌಕವೊಂದನ್ನು ಉಳಿಸಿ ಪರದೆಯನ್ನು ಆರಿಸಿ, ಹೊಸ ಚಿತ್ರ ಬರೆಯುವುದನ್ನೇ ಬಿಡುತ್ತದೆ. ಕ್ಯಾಮೆರಾದ ಮೂಲ ಚಿತ್ರ ಇರುವಲ್ಲೇ ಇರುತ್ತದೆ. ‘ಈ ಜಾಗದಿಂದ ಓದು, ಇಷ್ಟು ಅಗಲ ಓದಿ ಮುಂದಿನ ಸಾಲಿಗೆ ಜಿಗಿ, ಒಂದು ಬಿಟ್ಟು ಒಂದು ಚುಕ್ಕೆ ತೆಗೆದುಕೋ’ ಎಂದಷ್ಟೇ ಹೇಳಿ ಕಳಿಸುತ್ತದೆ. ಆ ಮೂಲ ಚಿತ್ರ ನೇರವಾಗಿರುತ್ತದೆ.

ಮಾತಾಡುವ ಸಾಕ್ಷಿಗಳ ಮಟ್ಟಿಗೆ ಇದರಿಂದ ಏನೂ ಆಗಲಿಲ್ಲ. ಮುಖ ತಿರುಗಿದರೂ ಮುಖವೇ. ನಿಂಬೆವ್ವನ ಮೂಗುತಿ ಮೂಲ ಚಿತ್ರದಲ್ಲಿ ನಾಲ್ಕೈದು ಚುಕ್ಕೆಯಷ್ಟಿತ್ತು. ಕುಗ್ಗಿಸಿದಾಗ ಕೆನ್ನೆಯಲ್ಲಿ ಕರಗಿಹೋಗಿತ್ತು. ಇನ್ನು ಹಿಂದಿದ್ದದ್ದು ಗೋಡೆ. ಬಿಳಿ ಗೋಡೆಗೆ ಎಡಬಲವಿಲ್ಲ.

“ಅಂದ್ರ ಬಿಸಿಯಾದಾಗ ಬಂದದ್ದು ಕೆಟ್ಟ ಚಿತ್ರ ಅಲ್ಲ,” ಎಂದರು ನಾಡಿಗೇರ.

“ಅದೊಂದ ಸರಿಯಾದ ಚಿತ್ರ ಸರ್.”

ಕೇಂದ್ರದ ಮುಖ್ಯಸ್ಥರ ಕೋಣೆಯ ಬಾಗಿಲು ಮುಚ್ಚಿತ್ತು. ನಾಡಿಗೇರರು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ತಿರುಗಿಸುತ್ತಿದ್ದರು.

“ಇದನ್ನ ಯಾಕ ಹಂಗ ಮಾಡಿದ್ವಿ ಗೊತ್ತದೇನು ನಿಮಗ? ನೀವಾಗ ಇಲ್ಲಿ ಇರಲಿಲ್ಲ. ಕಾಯ್ದೆ ಬರೂ ಮೊದಲು ಪ್ರಯೋಗ ಮಾಡುವಾಗ ಬಡವರ ಫೋನು ಹತ್ತು ನಿಮಿಷಕ್ಕ ಸತ್ತು ಹೋಗ್ತಿದ್ವು. ಸಾಕ್ಷಿ ಅರ್ಧಕ್ಕ ನಿಲ್ತಿತ್ತು. ಶ್ರೀಮಂತರ ಸಾಕ್ಷಿ ಪೂರಾ ಆಗ್ತಿತ್ತು. ಎರಡು ಚಿತ್ರದ ಬದಲಿ ಒಂದು ಮಾಡಿದ ಮ್ಯಾಲೆ ಎಲ್ಲಾರ ಫೋನೂ ನಡೀತು. ಅದಕ್ಕ ಬಹುಮಾನ ಬಂತು ನಮಗ.”

“ಒಳ್ಳೇದಕ್ಕ ಮಾಡಿದ್ದು ಅಂತ ಬರೀತೀನಿ ಸರ್.”

“ಬರೀಬ್ಯಾಡ್ರಿ. ‘ಸಾಕ್ಷಿಯ ಫೋನು ದೋಷಯುಕ್ತ’ ಅಂತ ಒಂದು ಸಾಲು ಸಾಕು. ಆ ಹೆಣ್ಣುಮಗಳ ಮ್ಯಾಲಿನ ಕೇಸು ಬೀಳ್ತದ. ಆ್ಯಪ್ ನಾವು ಮೆಲ್ಲಗ ಸರಿ ಮಾಡೋಣ.”

“ಫೋನು ದೋಷ ಅಂದ್ರ ಅವರ ಸಾಕ್ಷಿ ಪೂರ್ತಿ ರದ್ದು. ಅದೇ ಪ್ರಕರಣದಾಗ ಮತ್ತೆ ಅವರನ್ನ ಕೇಳೂ ಹಂಗಿಲ್ಲ. ತಮ್ಮನನ್ನ ಕೊಂದವರು ಯಾರು ಅನ್ನೋದು ಅವರ ಕೈಯಾಗ ಉಳೀತದ, ಅಷ್ಟ.”

“ಜೈಲಿಗಂತೂ ಹೋಗೂದಿಲ್ಲಲ್ಲ?”

“ಅವರು ಕೇಳಿದ್ದು ಜೈಲು ತಪ್ಪಸ್ರಿ ಅಂತಲ್ಲ ಸರ್.”

ನಾಡಿಗೇರರು ಪೆನ್ನು ಇಟ್ಟರು. “ಮೂರು ವರ್ಷದ ಸಾಕ್ಷಿ. ‘ಯಾವ ಕೈಯಾಗ ಕೊಡಲಿ ಇತ್ತು’ ಅಂದಾಗ ಕೈ ಎತ್ತಿ ತೋರಿಸಿದವರು, ‘ಎಲ್ಲಿ ಹೊಡೆದ’ ಅಂದಾಗ ಪಕ್ಕೆಲಬು ಮುಟ್ಟಿ ತೋರಿಸಿದವರು. ಅದರ ಮ್ಯಾಲೆ ಶಿಕ್ಷೆ ಆದವರು. ಎಲ್ಲಾ ತಿರುಗಸ್ತೀರೇನು?”

ಫರ್ಜಾನಾ ತಾನು ಕಂಡದ್ದನ್ನೆಲ್ಲ ಸೇರಿಸಿ ವರದಿ ಬರೆದು ಕೊಟ್ಟಳು. ಅದು ನಾಡಿಗೇರರ ಮೂಲಕವೇ ಅಧಿಕರಣಕ್ಕೆ ಹೋಗಬೇಕು. ಹೋಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಆ ಸಂಜೆ ಕ್ಯಾಂಟೀನಿನಲ್ಲಿ ದೇವೇಂದ್ರ ಎದುರಿಗೆ ಬಂದು ಕೂತ. ಹೊಸಬನಹಟ್ಟಿಯ ಜಗಳದ ನಂತರ ಇಬ್ಬರೂ ಮಾತಾಡಿರಲಿಲ್ಲ; ವರದಿಯ ಒಂದು ಪ್ರತಿಯನ್ನು ಮಾತ್ರ ಅವಳು ಅವನಿಗೂ ಕಳಿಸಿದ್ದಳು.

“ನನ್ನ ಮ್ಯಾಲೆ ಸಂಶಯ ಪಟ್ಟಿದ್ದಕ್ಕ ಚಹಾ ಕುಡಸ್ರಿ,” ಎಂದ.

ಅವಳು ಎರಡು ಚಹಾ ಹೇಳಿದಳು.

“ವರದಿ ಮ್ಯಾಲೆ ಹ್ವಾತೇನು?”

“ಗೊತ್ತಿಲ್ಲ.”

“ಹೋಗೂದಿಲ್ಲ. ನಾಡಿಗೇರ ಸರ್ ಇವತ್ತು ನನ್ನನ್ನೂ ಕರದಿದ್ರು. ಫೋನು ಕೆಟ್ಟಿತ್ತು ಅಂತ ಒಂದು ಸಹಿ ಹಾಕ್ರಿ ಅಂದ್ರು.” ಅವನು ಚಹಾ ಊದಿ ಒಂದು ಗುಟುಕು ಕುಡಿದ. “ನಾ ಪ್ರಮಾಣ ಮಾಡಿ ಅನುವಾದ ಮಾಡಾವ. ನನ್ನ ಅನುವಾದ ತಪ್ಪಿತ್ತು ಅಂತ ನಾನ ಹೇಳಿದ್ರ ಅಧ್ಯಕ್ಷರು ಕೇಳಬೇಕು. ಕಾಯ್ದೇದಾಗ ಐತಿ. ಅದಕ್ಕ ಯಾರ ಸಹೀನೂ ಬ್ಯಾಡ.”

“ನಿಮ್ಮ ಕೆಲಸ?”

“ಅದಕ್ಕ ಈಗ ಚಹಾ ಕುಡಸ್ರಿ ಅಂದದ್ದು.”

ಎಂಟನೇ ದಿನ ವಿಚಾರಣೆ ಕೂಡಿತು. ಸರ್ಕಾರಿ ವಕೀಲ, ಆರೋಪಿಯ ಹೆಂಡತಿಯೇ ಸಾಕ್ಷಿಯ ಮನೆಯಲ್ಲಿದ್ದಳೆಂದು ವಾದ ಆರಂಭಿಸುವ ಮೊದಲೇ ದೇವೇಂದ್ರ ಎದ್ದು ನಿಂತ. ತಾನು ಎಡ ಎಂದು ಅನುವಾದಿಸಿದ್ದೆಲ್ಲ ತಪ್ಪು, ತಿದ್ದಲು ಅನುಮತಿ ಬೇಕು ಎಂದ. ತಪ್ಪು ಹೇಗಾಯಿತು ಎಂದು ಅಧ್ಯಕ್ಷೆ ಕೇಳಿದರು. “ಅದನ್ನ ಎಂಜಿನಿಯರ್ ಹೇಳಬೇಕ್ರಿ,” ಎಂದ.

ಫರ್ಜಾನಾಳಿಂದ ಪ್ರಮಾಣ ಮಾಡಿಸಿದರು. ನಾಡಿಗೇರರು ಹಿಂದಿನ ಸಾಲಿನಲ್ಲಿ ಕೂತಿದ್ದರು.

“ಸಾಕ್ಷಿಯ ಫೋನು ಕೆಟ್ಟಿತ್ತೇ?” ಅಧ್ಯಕ್ಷೆ ಕೇಳಿದರು.

“ಇಲ್ಲ.”

“ಹಾಗಾದರೆ ಆ ದಿನ ಬಂದ ಯಾವ ಚಿತ್ರ ತಪ್ಪು?”

“ಬೆಳಿಗ್ಗೆಯದು. ನಾಲ್ಕು ತಿಂಗಳ ಹಿಂದಿನದೂ ತಪ್ಪು. ಬಿಸಿಯಾಗದ ಫೋನುಗಳಿಂದ ಮೂರು ವರ್ಷ ಈ ಕೋಣೆಗೆ ಬಂದ ಚಿತ್ರಗಳೆಲ್ಲ ಎಡಬಲ ತಿರುಗಿವೆ.”

ಅಧ್ಯಕ್ಷೆ ಬರೆಯುವುದನ್ನು ನಿಲ್ಲಿಸಿದರು. “ನೀವು ಹೇಳುವುದನ್ನು ನಾನು ಯಾಕೆ ನಂಬಬೇಕು?” ಎಂದರು.

“ನಂಬಬೇಡಿ. ಅವರನ್ನು ಫೋನಿಲ್ಲದೆ ಕೇಳಿ.”

ಅಧಿಕರಣ ಅದುವರೆಗೆ ತನ್ನ ಕೋಣೆಯ ಹೊರಗೆ ಕೂತಿರಲಿಲ್ಲ. ಶುಕ್ರವಾರ ಹೊಸಬನಹಟ್ಟಿಯ ಶೆಡ್ಡಿನಲ್ಲಿ ಕೂತಿತು. ಮಗ್ಗಗಳನ್ನು ನಿಲ್ಲಿಸಿದ್ದರು. ಆ ಮೌನ ಓಣಿಯವರಿಗೇ ಹೊಸದಾಗಿ, ಜನ ಕಿಟಕಿ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಕೆಲಸಗಾರರು ತಂತಮ್ಮ ಮಗ್ಗದ ಮುಂದೆ ನಿಂತರು. ರಾಚಪ್ಪನ ಮಗ್ಗದ ಮುಂದೆ ಯಾರೂ ಇರಲಿಲ್ಲ.

ನಿಂಬೆವ್ವ ತನ್ನ ಜಾಗದಲ್ಲಿ, ಕಂಡಿಕೆಯ ರಾಟೆಯ ಹಿಂದೆ, ಕೂತಳು. ದೇವೇಂದ್ರ ಎದುರಿಗೆ ಕೂತು ಕೈಯಲ್ಲಿ ಪ್ರಶ್ನೆ ಕೇಳಿದ. ಅವಳು ಬಲತೋಳು ಚಾಚಿ ಮಣಿಕಟ್ಟು ಕೊಡವಿದಳು.

“ಬಲಗಡೆ ಮಗ್ಗದವ,” ಎಂದ ದೇವೇಂದ್ರ.

ಸರ್ಕಾರಿ ವಕೀಲ ತಲೆ ಕೆರೆದುಕೊಂಡ. “ಯಾರ ಬಲ? ಸಾಕ್ಷಿಯದೋ, ಅನುವಾದಕರದೋ? ಈಗ ಅದನ್ನೂ ಕೇಳಬೇಕಾಗಿದೆ, ಮೇಡಂ.”

ಅವನ ಮುಖ ನೋಡಿಯೇ ನಿಂಬೆವ್ವನಿಗೆ ಅರ್ಥವಾಯಿತು. ರಾಟೆ ಸರಿಸಿ ಎದ್ದಳು. ಸ್ವಿಚ್ಚಿನ ಹಲಗೆಯ ಹತ್ತಿರ ಹೋಗಿ ಅದರ ಹಿಡಿಯನ್ನು ಮುಟ್ಟಿದಳು. ಅಲ್ಲಿಂದ ಮಗ್ಗಗಳ ನಡುವಿನ ಸಂದಿಯಲ್ಲಿ ನಡೆದು ಬಂದು ಮುದಕಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಳು.

“ಅನುವಾದ?” ಎಂದರು ಅಧ್ಯಕ್ಷೆ.

“ಬೇಕಾಗಿಲ್ಲ ಅನಸ್ತದ್ರಿ,” ಎಂದ ದೇವೇಂದ್ರ.

ಮುದಕಪ್ಪ ಅವಳ ಕೈ ತೆಗೆಯಲಿಲ್ಲ. ನೆಲ ನೋಡುತ್ತಲೇ ಹೇಳಿದ: “ಕರೆಂಟ ಹೋಗಿತ್ತು ಅಂತ ತಿಳದಿದ್ದೆ. ಬಂದಿದ್ದೀತು, ಯಾರೂ ಹಾಕಿಲ್ಲ ಅಂತ ಹೋಗಿ ಹಾಕಿದೆ. ಅವತ್ತ ಬಟ್ಟಿ ಪೀಸು ಮುಗಸಬೇಕಿತ್ತು. ಚನ್ನ ಒಳಗ ಇದ್ದದ್ದು ನಾ ನೋಡಿದ್ದಿಲ್ಲ.”

“ನನ್ನ ಗಂಡನ್ನ ಹಿಡಕೊಂಡು ಹ್ವಾದ್ರಲ್ಲ, ಅದನ್ನರ ನೋಡಿದ್ದಿಲ್ಲೇನೋ?” ಶಾಂತವ್ವ ಬಾಗಿಲಿನಿಂದ ಕೂಗಿದಳು. ಪೊಲೀಸಿನವಳು ಅವಳನ್ನು ಸುಮ್ಮನಿರಿಸಿದಳು.

ಕಾಶವ್ವ ಅಳುತ್ತಿದ್ದಳು. ನಿಂಬೆವ್ವ ಅಳಲಿಲ್ಲ. ಅಧ್ಯಕ್ಷೆ ಬರೆದುಕೊಳ್ಳುವವರೆಗೂ ಕೈಯನ್ನು ಮುದಕಪ್ಪನ ಹೆಗಲ ಮೇಲೆಯೇ ಇಟ್ಟುಕೊಂಡು, ಪೆನ್ನು ನಿಂತ ಮೇಲೆ ತೆಗೆದಳು.

ಮುದಕಪ್ಪನನ್ನು ಆ ಮಧ್ಯಾಹ್ನವೇ ವಶಕ್ಕೆ ತೆಗೆದುಕೊಂಡರು. ನಾಡಿಗೇರರು ರಜೆಯ ಮೇಲೆ ಹೋದರು. ಸಾಕ್ಷಿಕಿಂಡಿಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಯಿತು. ಕೇಂದ್ರದ ಹೊರಗೆ ಹಳೆಯ ತೀರ್ಪುಗಳನ್ನು ಹಿಡಿದುಕೊಂಡ ಜನರ ಸಾಲು ಬೆಳೆಯಿತು. ರಾಚಪ್ಪನ ಬಿಡುಗಡೆಯ ಆದೇಶ ಜೈಲಿಗೆ ತಲುಪಲು ಮತ್ತೆ ಕೆಲವು ದಿನ ಹಿಡಿಯಿತು. ಸೋಮವಾರ ನಿಂಬೆವ್ವ ಕೆಲಸಕ್ಕೆ ಹೋದಾಗ, ಅವಳ ಬಲಗಡೆಯ ಮಗ್ಗಕ್ಕೂ ಎಡಗಡೆಯ ಮಗ್ಗಕ್ಕೂ ಮಾಲೀಕ ಹೊಸಬರನ್ನು ಹಾಕಿದ್ದ.